ಹೆಸರು ಮುಚ್ಚಿಟ್ಟರೂ ಊರು ಹೇಳುತ್ತದೆ

ಹೊಳೆನರಸೀಪುರದಲ್ಲಿ ಬಸ್ಸು ಇಳಿದು, ಸುತ್ತಲಿನ ಯಾವುದಾದರೂ ಹಳ್ಳಿಗೆ ಹೋಗಿ, ‘ರಾಜಕೀಯದ ವಿಚಾರವಾಗಿ ನಾಲ್ಕು ಮಾತು ಕೇಳಬೇಕಿತ್ತು’ ಎಂದರೆ ಉತ್ತರಕ್ಕಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ: ‘ತಾವು ಯಾವ ಕಡೆಯೋರು?’ ಪ್ರಶ್ನಾವಳಿ ಹಿಡಿದು ಬಂದ ವಿದ್ಯಾರ್ಥಿಗೆ ಇದು ಅನುಮಾನದ ಮಾತು ಅನ್ನಿಸಬಹುದು. ನನಗೆ ಅದು ವಿವೇಕದ ಮಾತಾಗಿ ಕಾಣುತ್ತದೆ. ಆಡಿದ ಮಾತು ಯಾರ ಕಿವಿಗೆ ಹೋಗಿ ಬೀಳುತ್ತದೆ, ನಾಳೆ ಅದಕ್ಕೆ ತಾನು ಎಲ್ಲಿ ಉತ್ತರ ಕೊಡಬೇಕಾಗುತ್ತದೆ ಎಂದು ತಿಳಿಯದೆ ಬಾಯಿ ಬಿಡಬಾರದೆಂದು ಆ ಊರಿನವರು ಅನುಭವದಿಂದ ಕಲಿತಿದ್ದಾರೆ.

ಹಾಸನ ಜಿಲ್ಲೆಯಲ್ಲಿ ಆ ಕಲಿಕೆಗೆ ಅರವತ್ತು ವರ್ಷಗಳ ಇತಿಹಾಸವಿದೆ. 1962ರಲ್ಲಿ ಎಚ್.ಡಿ. ದೇವೇಗೌಡರು ಪಕ್ಷೇತರರಾಗಿ ಹೊಳೆನರಸೀಪುರದಿಂದ ವಿಧಾನಸಭೆಗೆ ಹೋದರು. 1989ರಲ್ಲಿ ಅದೇ ಕ್ಷೇತ್ರದಲ್ಲಿ ಅವರನ್ನು ಸೋಲಿಸಿದವರು ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರು. ದೇವೇಗೌಡರು ಪ್ರಧಾನಿಯಾಗಿ ಇಳಿದ ಮೇಲೆ, 1999ರಲ್ಲಿ, ಹಾಸನ ಲೋಕಸಭಾ ಕ್ಷೇತ್ರದಲ್ಲಿ ಅವರನ್ನು ಸೋಲಿಸಿದವರೂ ಪುಟ್ಟಸ್ವಾಮಿಗೌಡರೇ. 2024ರಲ್ಲಿ ಅದೇ ಲೋಕಸಭಾ ಕ್ಷೇತ್ರದಲ್ಲಿ ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ ಅವರ ಎದುರು ಪುಟ್ಟಸ್ವಾಮಿಗೌಡರ ಮೊಮ್ಮಗ ನಿಂತು ಗೆದ್ದರು. ಎರಡು ಮನೆತನಗಳ ಸ್ಪರ್ಧೆ ಮೂರನೆಯ ತಲೆಮಾರಿಗೆ ಬಂದಿದೆ ಎಂದರೆ, ಹಳ್ಳಿಗಳಲ್ಲಿ ಆ ಕಡೆ ಈ ಕಡೆ ನಿಂತ ಮನೆಗಳ ಲೆಕ್ಕವೂ ಮೂರು ತಲೆಮಾರಿನದು. ಇವತ್ತು ಜಗಲಿಯ ಮೇಲೆ ಕೂತು ಒಬ್ಬಾಕೆ ಆಡಿದ ಮಾತು ಆಕೆಯ ಮಗನ ಲೆಕ್ಕಕ್ಕೂ ಜಮೆಯಾಗುತ್ತದೆ.

ಪಕ್ಕದ ಅರಕಲಗೂಡಿಗೆ ಬಂದರೆ ‘ಯಾವ ಪಕ್ಷ?’ ಎಂಬ ಪ್ರಶ್ನೆಯೇ ಸಾಲುವುದಿಲ್ಲ. ಕಾಂಗ್ರೆಸ್ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಎ. ಮಂಜು ಅವರು 2019ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ನಿಂತು ಜೆಡಿಎಸ್ ಅಭ್ಯರ್ಥಿ ಪ್ರಜ್ವಲ್ ರೇವಣ್ಣ ಅವರಿಗೆ ಸೋತರು, ಆ ಆಯ್ಕೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು, 2023ರ ಮೇ ತಿಂಗಳಲ್ಲಿ ಅದೇ ಜೆಡಿಎಸ್‌ನಿಂದ ಅರಕಲಗೂಡಿನ ಶಾಸಕರಾದರು. ಸೆಪ್ಟೆಂಬರ್ 1ರಂದು ಹೈಕೋರ್ಟು ಆ ಲೋಕಸಭಾ ಆಯ್ಕೆಯನ್ನು ಅಸಿಂಧುವೆಂದಿತು. ಇಂಥ ಊರಿನಲ್ಲಿ ಜನರ ನಿಷ್ಠೆಯನ್ನು ಪಕ್ಷದ ಚಿಹ್ನೆಯಿಂದ ಅಳೆಯಲು ಹೊರಟವನು ಪ್ರಶ್ನಾವಳಿ ತುಂಬಿಸಿಕೊಂಡರೂ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಕೇಳಬೇಕಾದ್ದು ‘ಯಾರ ಕಡೆ?’ ಎಂದು. ಅದನ್ನು ಕೇಳಿದ ಗಳಿಗೆಯಲ್ಲೇ ಉತ್ತರ ಹೇಳುವವರ ಗುರುತು ಹೊರಬೀಳಲು ಶುರುವಾಗುತ್ತದೆ. ಚನ್ನರಾಯಪಟ್ಟಣದ ತೊಡಕು ಬೇರೆ ಥರದ್ದು: ಪೇಟೆ ಚನ್ನರಾಯಪಟ್ಟಣ, ವಿಧಾನಸಭಾ ಕ್ಷೇತ್ರದ ಹೆಸರು ಶ್ರವಣಬೆಳಗೊಳ, ತಾಲ್ಲೂಕಿನ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಅಲ್ಲ. ತಾಲ್ಲೂಕು ಕಚೇರಿಯ ಅಂಕಿಅಂಶವನ್ನು ಚುನಾವಣಾ ಅಂಕಿಅಂಶದ ಪಕ್ಕ ಇಟ್ಟು ಹೋಲಿಸುವ ಮುನ್ನ ಹೋಬಳಿ ಹೋಬಳಿಯಾಗಿ ನಕ್ಷೆ ಬಿಡಿಸಿಕೊಳ್ಳಬೇಕು. ಇದು ಶ್ರಮದ ಕೆಲಸ, ಆದರೆ ಇದರಿಂದ ಯಾರಿಗೂ ನೋವಿಲ್ಲ. ನೋವಾಗುವ ಸಾಧ್ಯತೆಯಿರುವ ಕಡೆಗಳ ಬಗ್ಗೆಯೇ ನಾನು ಹೆಚ್ಚು ಹೇಳಬೇಕಾಗಿದೆ.

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯದ ಪಾಠ ಹೇಳುವಾಗ ನಾವು ಒಂದು ಭರವಸೆಯ ವಾಕ್ಯವನ್ನು ಬಾಯಿಪಾಠ ಮಾಡಿಸುತ್ತೇವೆ: ‘ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ.’ ಒಳ್ಳೆಯ ಮನಸ್ಸಿನಿಂದಲೇ ವಿದ್ಯಾರ್ಥಿಗಳು ಅದನ್ನು ಹೇಳುತ್ತಾರೆ. ಆದರೆ ಎಂಟುನೂರು ಮತದಾರರ ಊರಿನಲ್ಲಿ ಹೆಸರು ಅಷ್ಟು ದೊಡ್ಡ ಗುರುತಲ್ಲ. ‘ಮೀಸಲು ಸ್ಥಾನದಿಂದ ಗೆದ್ದ, ಎರಡನೆಯ ಅವಧಿಗೆ ಅಧ್ಯಕ್ಷೆಯಾದ, ಡೇರಿಗೆ ಹಾಲು ಹಾಕುವ ಮಹಿಳೆ’ ಎಂದು ಬರೆದರೆ ಹೆಸರಿನ ಅಗತ್ಯವೇ ಇಲ್ಲ. ಓದಿದ ಮೊದಲ ಊರವನೇ ಅವರು ಯಾರೆಂದು ಹೇಳುತ್ತಾನೆ. ಆದ್ದರಿಂದ ಆ ಭರವಸೆ ನಿಜವಾಗಬೇಕಾದರೆ ಊರಿಗೆ ಕಾಲಿಡುವ ದಿನದಿಂದ ಪುಸ್ತಕ ಅಚ್ಚಾಗುವ ದಿನದವರೆಗೆ ಪ್ರತಿ ಹಂತದಲ್ಲೂ ಅದಕ್ಕಾಗಿ ಕೆಲಸ ಮಾಡಬೇಕಾಗುತ್ತದೆ.

ಮೊದಲ ಹಂತ ಕಾಲಿಡುವುದು. ಈ ವಿಚಾರದಲ್ಲಿ ನಮಗೆ ಹತ್ತಿರದ ಹಿರಿಯ ಉದಾಹರಣೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರದು. 1948ರಲ್ಲಿ ಅವರು ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ನೆಲೆಸಿ, ಅದಕ್ಕೆ ‘ರಾಮಪುರ’ ಎಂದು ಹೆಸರಿಟ್ಟು ಬರೆದರು. ‘ಪ್ರಬಲ ಜಾತಿ’ ಎಂಬ ಕಲ್ಪನೆ ಅಲ್ಲಿನ ಒಕ್ಕಲಿಗರನ್ನು ನೋಡಿಯೇ ಗಟ್ಟಿಯಾದದ್ದು. ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಚಾಲ್ತಿಗೆ ತಂದ ಶ್ರೇಯಸ್ಸೂ ಸಾಮಾನ್ಯವಾಗಿ ಅವರಿಗೇ ಸಲ್ಲುತ್ತದೆ. ಅವರು ಉಳಿದುಕೊಂಡದ್ದು ಊರ ಯಜಮಾನರ ಎತ್ತಿನ ಮನೆಯಲ್ಲಿ. ಆ ಆಶ್ರಯವಿಲ್ಲದಿದ್ದರೆ ಊರು ಅವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಯಜಮಾನರ ಅತಿಥಿಗೆ ಹೊಲಗೇರಿಯ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ತಾನು ಕಂಡದ್ದು ಮೇಲ್ಜಾತಿಯ ಕಣ್ಣಿನ ಹಳ್ಳಿ ಎಂದು ಶ್ರೀನಿವಾಸರೇ ಮುಂದೆ ಒಪ್ಪಿ ಬರೆದರು. ಅವರ ಬಗ್ಗೆ ನನ್ನ ಗೌರವ ಹೆಚ್ಚಾಗುವುದು ಆ ಒಪ್ಪಿಗೆಯಿಂದ.

ಇವತ್ತು ಹಾಸನದಲ್ಲಿ ಎತ್ತಿನ ಮನೆಯ ಬದಲು ಕಾರು ಬಂದಿದೆ. ಪರಿಚಯದ ಮುಖಂಡರೊಬ್ಬರು ‘ಹುಡುಗರು ಓದೋಕೆ ಬಂದವ್ರೆ, ಗಾಡಿ ಕಳಿಸ್ತೀನಿ’ ಎನ್ನುತ್ತಾರೆ. ಬಿಸಿಲಿನಲ್ಲಿ ಬಸ್ಸು ಕಾದು ಸೋತವರಿಗೆ ಅದು ದೊಡ್ಡ ಉಪಕಾರ. ಆ ಗಾಡಿಯಿಂದ ಇಳಿದ ಮೇಲೆ ಮಾತ್ರ ಪ್ರಶ್ನಾವಳಿಯ ಮೇಲೆ ಯಾವ ವಿಶ್ವವಿದ್ಯಾಲಯದ ಮುದ್ರೆ ಇದ್ದರೂ ಉಪಯೋಗವಿಲ್ಲ. ನೀವು ಯಾವ ಕಡೆಯವರೆಂದು ಗಾಡಿಯೇ ಹೇಳಿಯಾಗಿರುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಪಿಡಿಒ ಪಕ್ಕದ ಕುರ್ಚಿಯಲ್ಲಿ ಕೂತು ಜನರನ್ನು ಕರೆಸಿ ಕೇಳಿದರೆ ಉದ್ಯೋಗ ಖಾತ್ರಿ ಕೂಲಿಯ ಬಾಕಿಯೂ ಮನೆ ಮಂಜೂರಾತಿಯೂ ಉತ್ತರದೊಳಗೆ ಬಂದು ಕೂರುತ್ತವೆ. ಬೆಳಿಗ್ಗೆ ಸಂಜೆ ಹಾಲು ಹಾಕುವ ಹೊತ್ತಿಗೆ ಡೇರಿಯ ಮುಂದೆ ಊರಿಗೆ ಊರೇ ಸಿಗುತ್ತದೆ ನಿಜ. ಆದರೆ ಹಾಲು ಒಕ್ಕೂಟದ ರಾಜಕೀಯವೂ ವಿಧಾನಸಭೆಯ ರಾಜಕೀಯವೂ ಹೆಣೆದುಕೊಂಡಿರುವ ಈ ಜಿಲ್ಲೆಯಲ್ಲಿ ಡೇರಿಯ ಮುಂದೆ ಕೇಳಿದ ಪ್ರಶ್ನೆಗೆ ಡೇರಿಗೆ ಒಪ್ಪುವ ಉತ್ತರ ಬರುತ್ತದೆ.

ಜಾತಿಯ ಗೆರೆ ಇದಕ್ಕಿಂತ ಹರಿತ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಮಹಿಳೆಯರು ಬಸವೇಶ್ವರ ದೇವಸ್ಥಾನದೊಳಗೆ ಹೋದದ್ದಕ್ಕೆ ದಂಡ ಕೇಳಲಾಯಿತೆಂಬ ದೂರು ಬಂತು. ಊರು ಎರಡಾಗಿ ಒಡೆಯಿತು, ಪೊಲೀಸರು, ಅಧಿಕಾರಿಗಳು ಸಭೆ ನಡೆಸಬೇಕಾಯಿತು. ಅಂಥ ಊರಿಗೆ ಹೋದವರು ಮೊದಲು ಯಾರ ಮನೆಯಲ್ಲಿ ನೀರು ಕುಡಿದರು ಎಂಬುದನ್ನು ಎರಡೂ ಕೇರಿಯವರು ನೋಡಿರುತ್ತಾರೆ. ‘ನಾನು ತಟಸ್ಥ’ ಎಂದು ಹೇಳಿಕೊಂಡು ಅಲ್ಲಿ ತಿರುಗಾಡಲು ಆಗುವುದಿಲ್ಲ. ದಲಿತ ಕೇರಿಯಲ್ಲಿ ಕೂತು ಕೇಳಿದ ಮಾತನ್ನು ಗೌಡರ ಮನೆಯಲ್ಲಿ ಪ್ರಶ್ನೆಯ ರೂಪದಲ್ಲೂ ಎತ್ತಬಾರದು. ‘ಕೆಲವರು ಹೀಗಂತಾರಲ್ಲ, ನೀವೇನಂತೀರಿ?’ ಎಂಬ ಸಾಧಾರಣ ಸಂದರ್ಶನದ ಪ್ರಶ್ನೆ ಅಲ್ಲಿ ಚಾಡಿಯಾಗುತ್ತದೆ. ಸಂಜೆ ಬಸ್ಸು ಹತ್ತಿ ಹೋಗುವವರಿಗೆ ಅದರ ಫಲ ಕಾಣುವುದಿಲ್ಲ. ಮರುದಿನ ಕೂಲಿಗೆ ಕರೆ ಬರದ ಮನೆಗೆ ಕಾಣುತ್ತದೆ.

ಎರಡನೆಯ ಹಂತ ಒಪ್ಪಿಗೆ. 2025ರ ಸೆಪ್ಟೆಂಬರ್ 22ರಿಂದ ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಮನೆಮನೆಯ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುಮಾಡಿತು. 60 ಪ್ರಶ್ನೆಗಳು, ಕೇಳುವವರು ಬಹುಪಾಲು ಶಾಲಾ ಶಿಕ್ಷಕರು. ಮೂರೇ ದಿನಕ್ಕೆ ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟು, ಮಾಹಿತಿ ಕೊಡುವುದು ಕಡ್ಡಾಯವಲ್ಲವೆಂದು ಜನರಿಗೆ ತಿಳಿಸಬೇಕು, ಕೊಟ್ಟ ಮಾಹಿತಿಯನ್ನು ಗೋಪ್ಯವಾಗಿಡಬೇಕು ಎಂದಿತು. ಸಾವಿರಾರು ಮನೆಗಳಿಗೆ ‘ಬೇಡ ಎನ್ನಬಹುದು’ ಎಂಬ ಸಂಗತಿ ತಲುಪಿದ್ದು ಬಹುಶಃ ಆಗಲೇ. ಆದರೂ ಹಳ್ಳಿಯಲ್ಲಿ ಕಾಗದ ಪೆನ್ನು ಹಿಡಿದು ಬಂದವರನ್ನು ಜನ ಸರ್ಕಾರದವರೆಂದೇ ತಿಳಿಯುತ್ತಾರೆ. ತಪ್ಪು ಉತ್ತರ ಕೊಟ್ಟರೆ ಗೃಹಲಕ್ಷ್ಮಿಯ ಎರಡು ಸಾವಿರ ನಿಂತೀತು, ಬಿಪಿಎಲ್ ಕಾರ್ಡು ಹೋದೀತು ಎಂಬ ಹೆದರಿಕೆಯಿಂದ ಕೊಟ್ಟ ಉತ್ತರವನ್ನು ಒಪ್ಪಿಗೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ‘ನಾನು ಸರ್ಕಾರದವಳಲ್ಲ, ಪಾರ್ಟಿಯವಳಲ್ಲ, ನೀವು ಹೇಳಿದ್ದರಿಂದ ಏನೂ ಬರುವುದಿಲ್ಲ, ಹೇಳದಿದ್ದರೆ ಏನೂ ಹೋಗುವುದಿಲ್ಲ’ ಎಂದು ಬಿಡಿಸಿ ಹೇಳಿ, ಎದುರಿನವರು ಯೋಚಿಸಲು ಹೊತ್ತು ಕೊಡಬೇಕು.

ವಿದೇಶಿ ವಿಶ್ವವಿದ್ಯಾಲಯಗಳು ಈ ಒಪ್ಪಿಗೆಗೆ ಸಹಿ ಹಾಕಿಸಿಕೊಂಡು ಬನ್ನಿ ಎಂದು ಕೇಳುವುದುಂಟು. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಕತೆಗಳನ್ನು ಕೇಳಿ ಬೆಳೆದವರ ಮುಂದೆ ಇಂಗ್ಲಿಷಿನ ಹಾಳೆ ಚಾಚಿ ‘ಇಲ್ಲೊಂದು ಸೈನ್ ಹಾಕಿ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸಹಿ ಹಾಕಿದರೂ ಅಪಾಯವೇ: ಆ ಹಾಳೆಯಲ್ಲಿ ಹೆಸರಿದೆ, ಊರಿದೆ, ತಾರೀಖಿದೆ. ಉತ್ತರ ಹೇಳಿದವರನ್ನು ಕಾಪಾಡಲೆಂದು ಹುಟ್ಟಿದ ಕಾಗದವೇ ಅವರ ವಿರುದ್ಧದ ಸಾಕ್ಷಿಯಾಗುತ್ತದೆ. ಬಾಯಿಮಾತಿನ ಒಪ್ಪಿಗೆ ಸಾಕು. ಅದನ್ನು ಪಡೆದೆವೆಂದು ಸಂಶೋಧಕರು ಹೆಸರಿಲ್ಲದೆ ಬರೆದಿಟ್ಟುಕೊಂಡರಾಯಿತು.

ಹೆಂಗಸರ ಒಪ್ಪಿಗೆಯ ಕತೆ ಇನ್ನೂ ಬೇರೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನಗಳು ಮಹಿಳೆಯರಿಗೆ. ಅಧ್ಯಕ್ಷರನ್ನು ಮಾತಾಡಿಸಬೇಕೆಂದು ಹೋದರೆ ಬಂದು ಕೂರುವವರು ಅನೇಕ ಕಡೆ ಅವರ ಯಜಮಾನರು. ‘ಅವಳಿಗೇನ್ ಗೊತ್ತಾಯ್ತದೆ, ನನ್ ಕೇಳಿ’ ಎನ್ನುತ್ತಾರೆ. ಅವರನ್ನು ಆಚೆಗೆ ಕಳಿಸಿ ಎಂದು ಕೇಳುವುದು ಆ ಮನೆಯ ಒಳಗಿನ ಸಮತೋಲಕ್ಕೆ ಕೈ ಹಾಕಿದ ಹಾಗೆ. ಕೇಳದೇ ಇದ್ದರೆ ಬರೆದುಕೊಂಡದ್ದು ಗಂಡನ ಮಾತು. ಹೆಣ್ಣುಮಕ್ಕಳೇ ಹೋಗಿ, ಹಿತ್ತಲಲ್ಲೋ ಕಣದಲ್ಲೋ ಸ್ವಸಹಾಯ ಸಂಘದ ಸಭೆ ಮುಗಿದ ಮೇಲೋ, ಅವರ ಕೆಲಸದ ನಡುವೆ ಜೊತೆಗಿದ್ದು ಕೇಳುವುದು ನಿಧಾನದ ದಾರಿ. ಅನುದಾನದ ಗಡುವಿಗೆ ಅಂಥ ನಿಧಾನ ಹಿಡಿಸುವುದಿಲ್ಲ. ಗಡುವನ್ನೇ ಬದಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಪ್ರಶ್ನೆಗೆ ಬರೋಣ. ಮತದಾನದ ಗುಟ್ಟನ್ನು ನಮ್ಮ ಕಾನೂನು ಬಲವಾಗಿ ಕಾಯುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೆಯ ಕಲಮಿನ ಪ್ರಕಾರ, ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಸಾಕ್ಷಿಕಟ್ಟೆಯಲ್ಲೂ ಯಾರನ್ನೂ ಒತ್ತಾಯಿಸುವಂತಿಲ್ಲ. ಲೋಕನೀತಿ–ಸಿಎಸ್‌ಡಿಎಸ್ ಸಮೀಕ್ಷಕರು ಈ ಗುಟ್ಟಿಗೆ ಮರ್ಯಾದೆ ಕೊಡಲೆಂದೇ ಅಣಕು ಮತಪತ್ರವನ್ನೂ ಪೆಟ್ಟಿಗೆಯನ್ನೂ ಕೊಂಡೊಯ್ಯುತ್ತಾರೆ. ಬಾಯಲ್ಲಿ ಹೇಳಬೇಕಿಲ್ಲ, ಗುರುತು ಹಾಕಿ ಮಡಿಸಿ ಪೆಟ್ಟಿಗೆಗೆ ಹಾಕಿದರಾಯಿತು. ಅದೇ ಕಾಯ್ದೆಯ 126ಎ ಕಲಮು ಇನ್ನೊಂದು ಮಿತಿ ಹಾಕುತ್ತದೆ. ಹಾಸನದಲ್ಲಿ ಮತದಾನ ನಡೆದದ್ದು 2024ರ ಏಪ್ರಿಲ್ 26ರಂದು. ಆದರೆ ದೇಶದ ಕೊನೆಯ ಹಂತದ ಮತದಾನ ಮುಗಿಯುವ ಜೂನ್ 1ರವರೆಗೆ ಮತಗಟ್ಟೆ ಸಮೀಕ್ಷೆಯ ಫಲವನ್ನು ಯಾರೂ ಪ್ರಕಟಿಸುವಂತಿರಲಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು.

ದುಡ್ಡಿನ ಪ್ರಶ್ನೆಗೆ ಈ ಯಾವ ರಕ್ಷಣೆಯೂ ಇಲ್ಲ. ಚುನಾವಣೆ ಮುಗಿದ ಮೇಲೆ ಹಳ್ಳಿಗಳಲ್ಲಿ ಅತಿ ಸಲೀಸಾಗಿ ಬರುವ ಮಾತು ಅದು: ‘ಎರಡೂ ಕಡೆಯೋರು ಕೊಟ್ರು, ಇಸ್ಕೊಂಡ್ವಿ.’ ಸಂಶೋಧಕರಿಗೆ ಇದು ಬೆಲೆಬಾಳುವ ಮಾಹಿತಿ. ಹೇಳಿದವರಿಗೆ? ಭಾರತೀಯ ನ್ಯಾಯ ಸಂಹಿತೆಯ 170ನೆಯ ಕಲಮಿನಲ್ಲಿ ಚುನಾವಣಾ ಲಂಚ ಕೊಡುವವರಷ್ಟೇ ಅಲ್ಲ, ಪಡೆಯುವವರೂ ಅಪರಾಧಿಗಳು. 173ನೆಯ ಕಲಮಿನಲ್ಲಿ ಒಂದು ವರ್ಷದವರೆಗೆ ಸಜೆ ಇದೆ. ಬಾಡೂಟದಂಥ ಉಪಚಾರಕ್ಕಾದರೆ ದಂಡ ಮಾತ್ರ. ಕಕ್ಷಿದಾರರ ಮಾತನ್ನು ಗುಟ್ಟಾಗಿಡಲು ವಕೀಲರಿಗೆ ಕಾನೂನಿನ ರಕ್ಷಣೆ ಇರುವಂತೆ ಸಂಶೋಧಕರಿಗೆ ಇಲ್ಲ. ಪೊಲೀಸರು ದಾಖಲೆ ಹಾಜರುಪಡಿಸಿ ಎಂದರೆ ನೋಟ್‌ಬುಕ್ಕು ಹಾಜರಾಗಬೇಕಾಗುತ್ತದೆ. ಹಾಗಿರುವಾಗ ‘ನೀವು ದುಡ್ಡು ಇಸ್ಕೊಂಡ್ರಾ? ಎಷ್ಟು? ಯಾರಿಂದ?’ ಎಂದು ಹೆಸರಿನ ಎದುರು ಬರೆದುಕೊಳ್ಳುವುದು, ನಂಬಿ ಮಾತಾಡಿದವರಿಂದ ತಪ್ಪೊಪ್ಪಿಗೆ ಬರೆಸಿಕೊಂಡ ಹಾಗೆ.

ಕೇಳದೆಯೂ ತಿಳಿಯುವ ದಾರಿ ಇದೆ ಎಂಬುದು ಸಮಾಧಾನದ ಸಂಗತಿ. ಅರ್ಧ ಜನರಿಗೆ ನಾಲ್ಕು ಸಂಗತಿಗಳ ಪಟ್ಟಿ ಓದುತ್ತೀರಿ: ಪ್ರಚಾರದವರು ಮನೆಗೆ ಬಂದರು, ಗೋಡೆಗೆ ಪೋಸ್ಟರ್ ಹಚ್ಚಿದರು, ಸಭೆಗೆ ಕರೆದರು, ಮೈಕು ಕೂಗಿದರು. ಉಳಿದರ್ಧಕ್ಕೆ ಅದೇ ಪಟ್ಟಿಗೆ ಐದನೆಯದಾಗಿ ‘ದುಡ್ಡು ಅಥವಾ ಸಾಮಾನು ಕೊಟ್ಟರು’ ಎಂದು ಸೇರಿಸುತ್ತೀರಿ. ಯಾವುದು ನಡೆಯಿತೆಂದು ಹೇಳಬೇಡಿ, ಎಷ್ಟು ನಡೆದವು ಎಂದಷ್ಟೇ ಹೇಳಿ ಎನ್ನುತ್ತೀರಿ. ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸದಿಂದ ಎಷ್ಟು ಮಂದಿಗೆ ದುಡ್ಡು ಮುಟ್ಟಿತೆಂಬ ಅಂದಾಜು ಸಿಗುತ್ತದೆ. ಯಾರಿಗೆ ಎಂಬುದು ಕೇಳಿದವರಿಗೂ ತಿಳಿಯುವುದಿಲ್ಲ. ನಿಕರಾಗುವಾದ 2008ರ ಸ್ಥಳೀಯ ಚುನಾವಣೆಯ ನಂತರ ಹೀಗೆ ಕೇಳಿದಾಗ ಶೇ 24ರಷ್ಟು ಮತದಾರರಿಗೆ ಆಮಿಷ ಬಂದಿತ್ತೆಂಬ ಅಂದಾಜು ಸಿಕ್ಕಿತು. ನೇರವಾಗಿ ಕೇಳಿದಾಗ ಹೌದೆಂದವರು ಶೇ 2 ಮಾತ್ರ. ಜನರನ್ನು ಕಾಪಾಡುವ ವಿಧಾನವೇ ನಿಜಕ್ಕೂ ಹತ್ತಿರ ಹೋಯಿತು. ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಇದನ್ನು ಕನ್ನಡದಲ್ಲಿ ಕಲಿಸಲು ಏನೂ ಅಡ್ಡಿಯಿಲ್ಲ.

ವ್ಯಕ್ತಿಯನ್ನು ಮುಚ್ಚಿಟ್ಟರೂ ಊರು ಬಯಲಾಗುವ ಇನ್ನೊಂದು ಬಗೆ ನಮ್ಮ ಮತಎಣಿಕೆಯೊಳಗೇ ಇದೆ. 2024ರ ಚುನಾವಣೆಯ ಹೊತ್ತಿಗೆ ಒಂದು ಮತಗಟ್ಟೆಗೆ ಒಂದೂವರೆ ಸಾವಿರ ಮತದಾರರ ಮಿತಿ ಇತ್ತು. ಫಾರಂ 20ರಲ್ಲಿ ಮತಗಟ್ಟೆವಾರು ಲೆಕ್ಕ ಪ್ರಕಟವಾಗುತ್ತದೆ. ‘ನಿಮ್ ಬೂತಲ್ಲಿ ಲೀಡ್ ಕೊಡಲಿಲ್ಲ’ ಎಂಬ ಮಾತು ರಸ್ತೆ ಕೇಳಲು ಹೋದವರಿಗೆ ಎದುರಾಗುವುದು ಹಾಗೆ. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸಲು ಚುನಾವಣಾ ನಿಯಮಗಳ 59ಎ ಅವಕಾಶ ಕೊಟ್ಟಿತ್ತು. ಯಂತ್ರಗಳು ಬಂದ ಮೇಲೆ ಅದು ತಪ್ಪಿತು. ಹಲವು ಯಂತ್ರಗಳ ಮತವನ್ನು ಒಟ್ಟಾಗಿ ಎಣಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿದರೂ ಜಾರಿಯಾಗಲಿಲ್ಲ. ಸಂಶೋಧಕರಿಗೆ ಫಾರಂ 20 ಬಹಳ ಉಪಯುಕ್ತ. ಆದರೆ ‘ಈ ಮತಗಟ್ಟೆಯಲ್ಲಿ ಈ ಕೇರಿಯವರು ಬದಲಾಯಿಸಿ ಹಾಕಿದರು’ ಎಂದು ಸಂದರ್ಶನದ ಬಲದಿಂದ ಬಿಡಿಸಿ ಬರೆದರೆ, ಮುಖಂಡರಿಗೆ ಇಲ್ಲಿಯವರೆಗೆ ಊಹೆಯಾಗಿದ್ದದ್ದಕ್ಕೆ ವಿದ್ವತ್ತಿನ ಮುದ್ರೆ ಬೀಳುತ್ತದೆ.

ಊರಿನ ಬದುಕಿಗೆ ಕೈ ಹಾಕದೆ ಒಳ್ಳೆಯ ಕೆಲಸ ಮಾಡಿದ ಉದಾಹರಣೆಯೂ ನಮ್ಮಲ್ಲೇ ಇದೆ. ಥಾಡ್ ಡನ್ನಿಂಗ್ ಮತ್ತು ಜಾಹ್ನವಿ ನಿಲೇಕಣಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿಯ ಪರಿಣಾಮವನ್ನು ಅಧ್ಯಯನ ಮಾಡಿದರು. ಲೇಖನ 2013ರಲ್ಲಿ ಬಂತು. ಮೀಸಲಾತಿಯ ಗೆರೆಯಿಂದ ಸ್ವಲ್ಪ ಮೇಲೆ ಬಿದ್ದ ಪಂಚಾಯಿತಿಗಳನ್ನೂ ಸ್ವಲ್ಪ ಕೆಳಗೆ ಬಿದ್ದವನ್ನೂ ಹೋಲಿಸಿದರು. ಗೆರೆ ಎಳೆದದ್ದು ಸರ್ಕಾರ, ಅವರು ನೋಡಿದರು ಅಷ್ಟೇ. ಪಕ್ಷದ ಚಿಹ್ನೆಯಿಲ್ಲದೆ ನಡೆಯುವ ಪಂಚಾಯಿತಿ ಚುನಾವಣೆಯಲ್ಲೂ ಪಕ್ಷದ ನಂಟು ಜಾತಿಯ ಮೀಸಲಾತಿಯ ಫಲವನ್ನು ಮಬ್ಬಾಗಿಸುತ್ತದೆ ಎಂಬುದು ಅವರು ಕಂಡುಕೊಂಡದ್ದು. ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ ಮೊಂಟಾನಾದಲ್ಲಿ 2014ರಲ್ಲಿ ನಡೆಯಿತು. ಪಕ್ಷರಹಿತವಾಗಿ ನಡೆಯಬೇಕಾದ ನ್ಯಾಯಾಧೀಶರ ಚುನಾವಣೆಗೆ ಮುನ್ನ ಸ್ಟ್ಯಾನ್‌ಫರ್ಡ್ ಮತ್ತು ಡಾರ್ಟ್‌ಮತ್‌ನ ಸಂಶೋಧಕರು ಸುಮಾರು ಒಂದು ಲಕ್ಷ ಮತದಾರರಿಗೆ ರಾಜ್ಯದ ಲಾಂಛನವಿದ್ದ ಕರಪತ್ರ ಕಳಿಸಿ, ಅಭ್ಯರ್ಥಿಗಳು ಒಬಾಮ ಕಡೆಗೋ ರೋಮ್ನಿ ಕಡೆಗೋ ಎಂದು ಗೆರೆಯ ಮೇಲೆ ತೋರಿಸಿದರು. ಜನ ಸಿಟ್ಟಿಗೆದ್ದರು, ಎರಡೂ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು. ನಮ್ಮ ಪಂಚಾಯಿತಿ ಚುನಾವಣೆಯೂ ಪಕ್ಷರಹಿತ. ಅರಕಲಗೂಡಿನ ಒಂದು ಊರಿನಲ್ಲಿ ಯಾವ ಅಭ್ಯರ್ಥಿ ಯಾರ ‘ಬೆಂಬಲಿತ’ ಎಂದು ಅಚ್ಚು ಹಾಕಿಸಿ, ಜನ ಏನು ಮಾಡುತ್ತಾರೆಂದು ನೋಡಲು ಹಂಚಿದರೆ ಆಗುವ ಜಗಳಕ್ಕೆ ಯಾವ ಕ್ಷಮಾಪಣೆ ಸಾಕಾಗುತ್ತದೆ?

ಬರೆದುಕೊಂಡದ್ದನ್ನು ಎಲ್ಲಿಡಬೇಕು ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸರ ಕೊಠಡಿಗೆ ಬೆಂಕಿ ಬಿದ್ದು, ರಾಮಪುರದ ಬಗ್ಗೆ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ತಂದರು. ಆ ಕಾಲದ ಸಂಶೋಧಕರ ಭಯ ಕಳೆದುಹೋಗುವ ಭಯ. ಈಗಿನ ಭಯ ಉಳಿದುಬಿಡುವ ಭಯ. ಉತ್ತರ ಐರ್ಲೆಂಡಿನ ಮಾಜಿ ಸಶಸ್ತ್ರ ಹೋರಾಟಗಾರರನ್ನು ಬಾಸ್ಟನ್ ಕಾಲೇಜಿನ ಯೋಜನೆಯೊಂದು ಮಾತಾಡಿಸಿ, ‘ನೀವು ಬದುಕಿರುವವರೆಗೆ ಇದು ಹೊರಬರುವುದಿಲ್ಲ’ ಎಂದು ಮಾತು ಕೊಟ್ಟಿತ್ತು. 2011ರಲ್ಲಿ ಬ್ರಿಟನ್ನಿನ ಕೋರಿಕೆಯ ಮೇಲೆ ಅಮೆರಿಕದ ಸರ್ಕಾರ ಆ ಧ್ವನಿಮುದ್ರಣಗಳನ್ನು ಕೋರ್ಟಿನ ಮೂಲಕ ಕೇಳಿತು, ಒಂದಷ್ಟು ಕೈಬದಲಾದವು. ಮಾತು ಕೊಟ್ಟವರಿಗೆ ಅದನ್ನು ಉಳಿಸಿಕೊಳ್ಳುವ ಅಧಿಕಾರವೇ ಇರಲಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2024ರ ಮತದಾನಕ್ಕೆ ಕೆಲವೇ ದಿನ ಮೊದಲು ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಡಿದವು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳು, ಮುಖ ಮರೆಮಾಡದೆ, ಮೊಬೈಲಿನಿಂದ ಮೊಬೈಲಿಗೆ ಓಡಿದವು. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಒಂದು ಪ್ರಕರಣದಲ್ಲಿ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆ ದೌರ್ಜನ್ಯದ ಜೊತೆಗೆ ನಡೆದ ಎರಡನೆಯ ಅನ್ಯಾಯವನ್ನೂ ಮರೆಯಬಾರದು: ಆ ಹೆಣ್ಣುಮಕ್ಕಳ ಸಂಕಟ ಚುನಾವಣೆಯ ಸರಕಾಯಿತು, ಊರು ಬಿಟ್ಟು ಹೋದ ಕುಟುಂಬಗಳ ವರದಿಗಳು ಬಂದವು. ಒಂದು ಪ್ರತಿ ಇದ್ದರೆ ಸಾವಿರ ಪ್ರತಿ ಆಗಬಹುದೆಂದು ಹಾಸನದ ಮನೆಮನೆಗೂ ಗೊತ್ತಾದ ಮೇಲೆ, ‘ಫೋನಲ್ಲಿ ರೆಕಾರ್ಡ್ ಮಾಡ್ಕೋಬಹುದಾ?’ ಎಂದು ಅಲ್ಲಿನ ಹೆಣ್ಣುಮಗಳನ್ನು ಕೇಳುವ ಹಕ್ಕು ಸುಲಭದ್ದಲ್ಲ. ಕೇಳದಿರುವುದೇ ಉತ್ತಮ. ಕೈಬರಹದ ಟಿಪ್ಪಣಿ ಸಾಕು. ಹೆಸರು ಮತ್ತು ಸಂಕೇತಗಳ ಪಟ್ಟಿ ಬೇರೆ ಕಡೆ, ಬೀಗದೊಳಗೆ, ಕೆಲಸ ಮುಗಿದ ಮೇಲೆ ನಾಶ. ಆ ಪ್ರಕರಣವನ್ನೇ ಅಧ್ಯಯನ ಮಾಡಬೇಕೆನ್ನುವವರು ನ್ಯಾಯಾಲಯದ ದಾಖಲೆ, ಪಕ್ಷಗಳ ಹೇಳಿಕೆ, ಪತ್ರಿಕೆಗಳ ನಡವಳಿಕೆ ಇವನ್ನು ಅಧ್ಯಯನ ಮಾಡಲಿ. ನೊಂದವರ ಬಾಗಿಲು ತಟ್ಟುವುದು ಬೇಡ.

ಪ್ರಬಂಧ ಬರೆದಾದ ಮೇಲೆ ಅದು ಕಪಾಟಿನಲ್ಲಿ ಮಲಗುತ್ತಿದ್ದ ಕಾಲವೂ ಹೋಯಿತು. ಪಿಎಚ್‌ಡಿ ಪ್ರಬಂಧಗಳು ಈಗ ‘ಶೋಧಗಂಗಾ’ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿವೆ. ಅನುಬಂಧದಲ್ಲಿ ಸಂದರ್ಶನ ಕೊಟ್ಟವರ ಪಟ್ಟಿ ಹಾಕುವ ಹಳೆಯ ಅಭ್ಯಾಸ ಹಾಗೇ ಉಳಿದರೆ, ಪಕ್ಷದ ಕಾರ್ಯಕರ್ತ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ತನ್ನೂರಿನ ಹೆಸರು ಹುಡುಕಿದರೆ ಸಾಕು. ಊರಿಗೆ ಬದಲಿ ಹೆಸರಿಡುವುದೂ ಪೂರ್ತಿ ಕಾಪಾಡುವುದಿಲ್ಲ. ‘ರಾಮಪುರ’ ಯಾವುದೆಂದು ಎಲ್ಲರಿಗೂ ತಿಳಿದುಹೋಯಿತು. ಎರಡು ಮೂರು ಊರುಗಳ ವಿವರ ಬೆರೆಸಬೇಕು, ವಯಸ್ಸು ಬೆಳೆ ಹುದ್ದೆಗಳನ್ನು ಮಸುಕು ಮಾಡಬೇಕು, ಕೆಲವು ಒಳ್ಳೆಯ ಕತೆಗಳನ್ನು ಕೈಬಿಡಲೇಬೇಕು.

ಇದನ್ನೆಲ್ಲ ನೋಡುವವರು ಯಾರು? ಔಷಧಿಯ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಕಾನೂನಿನಲ್ಲೇ ಕಡ್ಡಾಯ. ರಾಜ್ಯಶಾಸ್ತ್ರದ ಪಿಎಚ್‌ಡಿಗೆ ಅಂಥ ಕಡ್ಡಾಯವಿಲ್ಲ. ಯುಜಿಸಿಯ 2018ರ ನಿಯಮಗಳಂತೆ ಪ್ರಬಂಧದಲ್ಲಿ ಶೇ 10ಕ್ಕಿಂತ ಹೆಚ್ಚು ಸಾಮ್ಯ ಕಂಡರೆ ತಂತ್ರಾಂಶ ಹಿಡಿಯುತ್ತದೆ. ಪ್ರಬಂಧದಿಂದ ಯಾರ ಕೂಲಿ ಹೋದೀತು ಎಂದು ಹಿಡಿಯುವವರಿಲ್ಲ. ಹಾಸನದ ಹೇಮಗಂಗೋತ್ರಿಯಂಥ ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯ ಆವರಣದಲ್ಲಿ, ಇದೇ ತಾಲ್ಲೂಕುಗಳ ಮಕ್ಕಳು ಓದುವ ಕಡೆ, ಅಂಥ ಒಂದು ಸಮಿತಿ ಶುರುವಾಗಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಅದರಲ್ಲಿ ಪ್ರಾಧ್ಯಾಪಕರ ಜೊತೆ ಒಬ್ಬ ವಕೀಲರು, ಪಂಚಾಯಿತಿಯಲ್ಲಿ ಕೆಲಸ ಮಾಡಿದ ಒಬ್ಬ ಮಹಿಳೆ, ದಲಿತ ಸಂಘಟನೆಯ ಒಬ್ಬರು ಇರಲಿ. ಆ ಮಕ್ಕಳೇ ಹೊರಗಿನ ದೊಡ್ಡ ಸಂಶೋಧನೆಗಳಿಗೆ ಸಹಾಯಕರಾಗಿ ದಾರಿ ತೋರಿಸುವವರು, ಫಾರಂ ತುಂಬಿಸುವವರು. ಬೆಂಗಳೂರಿಗೋ ಲಂಡನ್ನಿಗೋ ವಾಪಸಾಗುವ ವಿದ್ವಾಂಸರ ಜೊತೆ ತಿರುಗಿದ ಹುಡುಗ ಚನ್ನರಾಯಪಟ್ಟಣದಲ್ಲೇ ಉಳಿಯುತ್ತಾನೆ. ಏನಾದರೂ ಎಡವಟ್ಟಾದರೆ ಜನ ಕೇಳುವುದು ಅವನನ್ನು. ಅವನಿಗೆ ಒಪ್ಪಂದದ ಪತ್ರ, ನ್ಯಾಯವಾದ ಕೂಲಿ, ಒಂದು ಊರಿಗೆ ಹೋಗಲಾರೆ ಎನ್ನುವ ಸ್ವಾತಂತ್ರ್ಯ, ಪುಸ್ತಕದಲ್ಲಿ ಹೆಸರು ಬೇಕೋ ಬೇಡವೋ ಎಂದು ಹೇಳುವ ಹಕ್ಕು ಇವಿಷ್ಟೂ ಮೊದಲೇ ಸಿಗಬೇಕು.

ಕೊನೆಗೆ ಹಿಂದಿರುಗಿಸುವ ಮಾತು. ಬರೆದದ್ದು ಇಂಗ್ಲಿಷಿನಲ್ಲಿ, ಹೇಳಿದವರು ಕನ್ನಡದಲ್ಲಿ. ಆರೇಳು ಪುಟದ ಕನ್ನಡ ಸಾರಾಂಶ ಮಾಡಿ, ಊರಿಗೆ ಮತ್ತೆ ಹೋಗಿ, ಮಾತಾಡಿದವರಿಗೆ ಅವರವರ ಭಾಗವನ್ನು ಪ್ರತ್ಯೇಕವಾಗಿ ಓದಿ ಹೇಳುವುದು ಅಚ್ಚಿಗೆ ಮೊದಲು ಆಗಬೇಕು. ಓದಿ ಹೇಳಿದಾಗ ಕೆಲವರು ಹೆಮ್ಮೆ ಪಡುತ್ತಾರೆ, ಕೆಲವರು ತಿದ್ದುತ್ತಾರೆ. ಯಾರಾದರೂ ಒಬ್ಬರು ‘ಇದೊಂದ್ ಮಾತು ತೆಗೆದ್ಬಿಡಪ್ಪ, ನಾವಿಲ್ಲೇ ಬಾಳ್ಬೇಕು’ ಎಂದರೆ ಕಾರಣ ಕೇಳದೆ ತೆಗೆಯಬೇಕು, ಇಡೀ ಅಧ್ಯಾಯ ಆ ಮಾತಿನ ಮೇಲೇ ನಿಂತಿದ್ದರೂ.